ಮೀನು ಕಚ್ಚಿದ್ದು ಬೆರಳಿಗೆ ಗೊತ್ತಾಗಲಿಲ್ಲ

ಏಯ್, ಆ ಕಡೆ ಫುಟ್‌ಪಾತಲ್ಲಿ ತಲೆ ಬಗ್ಗಿಸ್ಕೊಂಡು ಹೋಗ್ತಿರೋರೇ, ಹೌದು, ನಿಮ್ಮನ್ನೇ ಕರೀತಿರೋದು. ಫೋನಲ್ಲಿ ಮುಖ ಹೂತ್ಕೊಂಡಿರೋ ಅಣ್ಣಂದಿರೇ, ಅಕ್ಕಂದಿರೇ, ಕಿವಿಗೆ ಇಯರ್‌ಫೋನ್ ತುರುಕ್ಕೊಂಡು ಯಾರು ಕೂಗಿದ್ರೂ ತಿರುಗದೇ ಇರೋರೇ, ಸ್ವಲ್ಪ ನಿಂತ್ಕೊಳ್ಳಿ. ನಿಮ್ಮ ಕೈಲಿರೋ ಫೋನು ಆಗಾಗ ಟುಕ್ ಅನ್ನುತ್ತಲ್ಲ, ಜುಂಯ್ ಅನ್ನುತ್ತಲ್ಲ, ಅದನ್ನ ಯಾರೋ ಒಬ್ರು ಕೂತು, ತಲೆ ಕೆಡಿಸ್ಕೊಂಡು ಮಾಡಿರ್ತಾರೆ ಅಂತ ಯಾವತ್ತಾದ್ರೂ ಅನ್ನಿಸಿದ್ಯಾ? ಇಲ್ಲ ತಾನೇ? ನಂಗೂ ಅನ್ನಿಸಿರ್ಲಿಲ್ಲ, ನಮ್ಮಕ್ಕನ ಮದುವೆ ಆಗೋವರೆಗೂ. ಅಕ್ಕನ ಗಂಡ, ಅಂದ್ರೆ ನಮ್ಮ ಭಾವ, ಮಾಡ್ತಿದ್ದ ಕೆಲಸ ಅದೇ. ಇವತ್ತು ಅವ್ರ ಕಥೆ ಹೇಳ್ತೀನಿ. ವಾಯ್ಸ್ ನೋಟ್ ಉದ್ದ ಆಗುತ್ತೆ, ಬೈಕೋಬೇಡಿ. ಮಧ್ಯದಲ್ಲಿ ನಗು ಬರೋ ಜಾಗ ಇದೆ, ಬಂದ್ರೆ ನಗಿ. ಕೊನೇವರೆಗೂ ನಗ್ತಾನೇ ಇರ್ತೀರಿ ಅಂತ ಮಾತ್ರ ನಾನು ಹೇಳಲ್ಲ.

ಅಕ್ಕನ ಮದುವೆ ಮಾತು ಬಂದಾಗ ನಮ್ಮ ದೊಡ್ಡಮ್ಮ ಕೇಳಿದ್ರು, ಹುಡುಗ ಏನ್ ಕೆಲಸ ಮಾಡ್ತಾನೆ ಅಂತ. ಅಕ್ಕ ತುಂಬಾ ಯೋಚ್ನೆ ಮಾಡಿ, ಫೋನ್ ನಡುಗಿಸ್ತಾರೆ ಅಂದ್ಲು. ದೊಡ್ಡಮ್ಮ ಕನ್ನಡಕ ತೆಗೆದು ಕೆಳಗಿಟ್ರು. "ಫೋನ್ ಯಾಕೆ ನಡುಗ್ಬೇಕು? ಅದಕ್ಕೇನು ಚಳಿಜ್ವರಾನಾ?" ಅಂದ್ರು. ಅವತ್ತಿಂದ ನಮ್ಮನೇಲಿ ಭಾವನಿಗೆ ಗುಂಯ್ ಭಾವ ಅಂತಾನೇ ಹೆಸರು. ಅವ್ರಿಗೂ ಗೊತ್ತಿತ್ತು. ಬಾಗಿಲು ತಟ್ಟಿದಾಗ ನಾವು ಯಾರು ಅಂತ ಕೇಳಿದ್ರೆ, ಅವ್ರೇ ಹೊರಗಡೆಯಿಂದ ಗುಂಯ್ ಅಂತಿದ್ರು. ಆ ತರ ಮನುಷ್ಯ.

ನಾನು ಅವ್ರ ಮನೇಲೇ ಇರೋದು, ಹಿಂದಿನ ರೂಮಲ್ಲಿ. ಹಾಗಾಗಿ ಅವ್ರ ಕೆಲಸ ನಂಗೆ ಚೆನ್ನಾಗಿ ಗೊತ್ತು. ಆಫೀಸು ಅಂದ್ರೆ ಫೋನ್ ಆಟಗಳನ್ನ ಮಾಡೋ ಕಂಪನಿ. ಮೂರನೇ ಮಹಡಿ, ಲಿಫ್ಟ್ ಯಾವಾಗ್ಲೂ ಕೆಟ್ಟಿರುತ್ತೆ. ಒಬ್ರು ಚಿತ್ರ ಬರೀತಾರೆ, ಒಬ್ರು ಸೌಂಡ್ ಮಾಡ್ತಾರೆ, ಭಾವ ಕೈಗೆ ಏನು ತಾಗಬೇಕೋ ಅದನ್ನ ಮಾಡ್ತಾರೆ. ಅವ್ರ ಟೇಬಲ್ಲಿನ ಡ್ರಾಯರ್ ತುಂಬಾ ಫೋನುಗಳು. ಹೊಸದು, ಹಳೇದು, ಗಾಜು ಒಡೆದಿದ್ದು, ಯಾರೂ ಮುಟ್ಟದೇ ಇರೋ ಅಗ್ಗದ್ದು. ದುಬಾರಿ ಫೋನಲ್ಲಿ ಏನ್ ಹೇಳಿದ್ರೂ ಚಟ್ ಅಂತ ಕೇಳುತ್ತಂತೆ. ಅಗ್ಗದ ಫೋನಲ್ಲಿ ಒಂದು ಪುಟಾಣಿ ಮೋಟರ್ ಇರುತ್ತೆ, ಅದರ ತುದೀಲಿ ಒಂದು ಕಡೆ ಭಾರ. ಅದು ಗಿರ್ರ್ ಅಂತ ತಿರುಗಿದ್ರೆ ಫೋನ್ ನಡುಗುತ್ತೆ. ಆದ್ರೆ ಅದನ್ನ ಎಬ್ಬಿಸೋದೇ ಕಷ್ಟ. ಬೆಳಗ್ಗೆ ಸ್ಕೂಲಿಗೆ ಎಬ್ಬಿಸಿದ ಮಗು ತರ, ಮೆಲ್ಲಗೆ ಕರೆದ್ರೆ ಮಗ್ಗುಲು ಬದಲಾಯಿಸಿ ಮಲ್ಕೊಳ್ಳುತ್ತೆ. ಮೊದಲು ಒಂದ್ಸಲ ಜೋರಾಗಿ ತಳ್ಳಬೇಕು, ಆಮೇಲೆ ಕೈ ಬಿಡಬೇಕು. ಇದನ್ನ ಭಾವ ಆಫೀಸಿಗೆ ಹೊಸದಾಗಿ ಬಂದವ್ರಿಗೆಲ್ಲಾ ಹೇಳ್ಕೊಡ್ತಿದ್ರು.

ಕೆಲಸ ಮಾಡೋವಾಗ ಅವ್ರು ಕಿವಿಗೆ ಹತ್ತಿ ಇಟ್ಕೊಂಡು, ಕಣ್ಣು ಮುಚ್ಕೊಂಡು ಕೂರ್ತಿದ್ರು. ಫೋನನ್ನ ಗಟ್ಟಿಯಾಗಿ ಹಿಡೀತಿರ್ಲಿಲ್ಲ, ಮೊಟ್ಟೆ ಹಿಡಿದಂಗೆ ಹಿಡೀತಿದ್ರು. ಯಾಕೆ ಭಾವ ಹತ್ತಿ ಅಂತ ನಾನೊಂದ್ಸಲ ಕೇಳಿದೆ. ಕಿವಿ ದೊಡ್ಡ ಸುಳ್ಳುಗಾರ ಅಂದ್ರು. ಸೌಂಡ್ ಕೇಳಿಸಿದ್ರೆ ಕೈಗೂ ಏನೋ ತಾಗಿದಂಗೆ ಅನ್ನಿಸಿಬಿಡುತ್ತಂತೆ. ಆದ್ರೆ ಆಟ ಆಡೋ ಜನ ಬಸ್ಸಲ್ಲಿ ಕೂತು, ಬಾಸ್ ಹಿಂದೆ ನಿಂತು, ಸೌಂಡ್ ಆಫ್ ಮಾಡ್ಕೊಂಡು ಆಡ್ತಾರೆ. ಅವ್ರಿಗೆ ಬೆರಳೇ ಗತಿ.

ಈಗ ಮೀನಿನ ಆಟದ ವಿಷಯ. ಭಾವನಿಗೆ ಹೆಸರು ತಂದುಕೊಟ್ಟಿದ್ದೇ ಅದು. ಸ್ಕ್ರೀನ್ ಮೇಲೆ ಒಂದು ಕೆರೆ, ನೀವು ಗಾಳ ಹಾಕಿ ಕೂರ್ತೀರಿ. ನೀರೊಳಗೆ ಏನಾಗ್ತಿದೆ ಅಂತ ಕಾಣಲ್ಲ. ಕೈಗೆ ಗೊತ್ತಾಗ್ಬೇಕು. ಸಣ್ಣ ಮೀನು ಬಂದ್ರೆ ಟುಕ್, ಟುಕ್, ಟುಕ್ ಅಂತ ತುಟಿ ತಾಗಿಸಿ ನೋಡುತ್ತೆ. ಅವಾಗ ಎಳೆದ್ರೆ ಹೋಯ್ತು. ದೊಡ್ಡದು ಬಂದ್ರೆ ಮೊದಲು ಏನೂ ಇರಲ್ಲ, ಸುಮ್ನೆ ಇರುತ್ತೆ, ಆಮೇಲೆ ಒಂದೇ ಸಲ ಗುದುಕ್ ಅಂತ ನುಂಗುತ್ತೆ. ಕಳ್ಳ ಮೀನು ಒಂದಿದೆ, ಅದು ದಾರಕ್ಕೆ ಮೈ ಉಜ್ಜಿ ಹೋಗುತ್ತೆ, ಕಚ್ಚೋದೇ ಇಲ್ಲ. ಇದನ್ನೆಲ್ಲಾ ಕಲಿಯೋಕೆ ಭಾವ ಒಂದು ರಜೆ ಪೂರ್ತಿ ಗಾಳ ಹಾಕೋರ ಪಕ್ಕ ಕೂತಿದ್ರು, ದಾರಾನ ಬೆರಳಿಗೆ ಸುತ್ಕೊಂಡು. ಅಕ್ಕ ಕೋಪ ಮಾಡ್ಕೊಂಡಿದ್ಲು, ಬೇರೆಯವ್ರು ಹೆಂಡ್ತಿ ಕೈ ಹಿಡ್ಕೊಂಡು ಓಡಾಡ್ತಾರೆ, ಇವ್ರು ಹುಳ ಹಿಡ್ಕೊಂಡು ಕೂತಿದಾರೆ ಅಂತ. ಆಟ ಬಂದ್ಮೇಲೆ ಅವ್ಳೇ ದಿನಾ ಆಡ್ತಿದ್ಲು. ಕುಕ್ಕರ್ ಕೂಗಿದ್ರೂ ಏಳ್ತಿರ್ಲಿಲ್ಲ.

ಆಮೇಲೆ ಭಾವನಿಗೆ ಕಾಯಿಲೆ ಬಂತು. ಹೊಟ್ಟೇಲಿ ಗೆಡ್ಡೆ. ಅದರ ಹೆಸರು ನಮ್ಮನೇಲಿ ಯಾರೂ ಹೇಳಲ್ಲ, ನಾನೂ ಹೇಳಲ್ಲ. ಆಪರೇಷನ್ ಆಯ್ತು, ಆಮೇಲೆ ತಿಂಗಳುಗಟ್ಟಲೆ ಕೈಗೆ ಸೂಜಿ ಚುಚ್ಚಿ ಔಷಧಿ ಹನಿ ಹನಿಯಾಗಿ ಬಿಟ್ರು. ತಲೆಗೂದಲು ಹೋಯ್ತು, ಹುಬ್ಬು ಹೋಯ್ತು, ಮೈಮೇಲಿನ ಮಾಂಸ ಹೋಯ್ತು. ಆದ್ರೂ ಮನುಷ್ಯ ಉಳ್ಕೊಂಡ್ರು. ಕೂದಲು ಮತ್ತೆ ಬಂತು, ಮೊದಲಿಗಿಂತ ಗುಂಗುರಾಗಿ. ನೋಡೋಕೆ ಬಂದವ್ರೆಲ್ಲಾ ಜೀವ ಉಳೀತಲ್ಲ, ಅದೇ ಸಾಕು ಅಂತ ಹೇಳಿ, ಟೀ ಕುಡಿದು ಹೋದ್ರು.

ಬೆರಳ ತುದಿಗಳು ಮಾತ್ರ ವಾಪಸ್ ಬರಲಿಲ್ಲ. ಮೊದಲು ಜೋಮು ಹಿಡಿದಂಗೆ ಆಗ್ತಿತ್ತಂತೆ. ಆಮೇಲೆ ಆ ಜೋಮೂ ಹೋಗಿ, ಏನೂ ಇಲ್ಲ. ಬೆರಳಿಗೆ ದಪ್ಪ ಬಟ್ಟೆ ಸುತ್ತಿದಂಗೆ ಅಂತಿದ್ರು. ಡಾಕ್ಟರ್ ಹೇಳಿದ್ದು ಇಷ್ಟೇ, ಕಾಯಿಲೆ ಸುಡೋ ಔಷಧಿ ನರದ ತುದಿಗಳನ್ನೂ ಸುಡುತ್ತೆ, ಕೆಲವ್ರಿಗೆ ನಿಧಾನಕ್ಕೆ ಸರಿಹೋಗುತ್ತೆ, ಕೆಲವ್ರಿಗೆ ಹೋಗಲ್ಲ, ಕಾಯಬೇಕು. ಕಾದ್ರು. ದಿನಾ ಬೆಳಗ್ಗೆ ಎದ್ದ ತಕ್ಷಣ ಹಾಸಿಗೆ ಮೇಲೇ ಕೂತು ಅಕ್ಕನ ಬಾಚಣಿಗೆ ತಗೊಂಡು, ಕಣ್ಣು ಮುಚ್ಚಿ, ಹಲ್ಲಿನ ಮೇಲೆ ಬೆರಳು ಎಳೀತಿದ್ರು. ಅಕ್ಕ ಅಡುಗೆಮನೆಯಿಂದಾನೇ ಅವ್ರ ಮುಖ ನೋಡ್ತಿದ್ಲು. ಬಾಚಣಿಗೆ ವಾಪಸ್ ಇಟ್ರೆ ಇವತ್ತೂ ಇಲ್ಲ ಅಂತ ಅರ್ಥ. ಶರ್ಟಿನ ಗುಂಡಿ ಹಾಕೋಕೆ ಕನ್ನಡಿ ಮುಂದೆ ನಿಂತು, ಕಣ್ಣಲ್ಲಿ ನೋಡಿ ನೋಡಿ ಹಾಕ್ತಿದ್ರು.

ಆಫೀಸಿನವ್ರು ಒಳ್ಳೆಯವ್ರು, ಅದೇ ತೊಂದರೆ ಆಗಿದ್ದು. ಇವ್ರು ಆಸ್ಪತ್ರೇಲಿದ್ದಷ್ಟು ದಿನ ಇವ್ರ ಕುರ್ಚಿ ಮೇಲೆ ಯಾರೂ ಕೂತಿರ್ಲಿಲ್ಲ. ವಾಪಸ್ ಹೋದ ದಿನ ಕುರ್ಚಿಗೆ ಬಲೂನ್ ಕಟ್ಟಿದ್ರು. ಅಲ್ಲಿನ ಮೇಡಂ, ಅವ್ರೇ ಬಾಸ್, ಭಾವನಿಗಿಂತ ಚಿಕ್ಕವ್ರು, ಎಲ್ಲರ ಮುಂದೆ, ನಮ್ಮ ಕಂಪನಿ ಬೆರಳು ವಾಪಸ್ ಬಂತು ಅಂದ್ರಂತೆ. ಎಲ್ರೂ ಚಪ್ಪಾಳೆ. ಆ ಚಪ್ಪಾಳೆ ಮಧ್ಯ ಇವ್ರು ಏನಂತ ಹೇಳ್ತಾರೆ? ಎಲ್ಲಾ ಸರಿಹೋಯ್ತು ಅಂದ್ರು. ಒಂದ್ಸಲ ಬಾಯಿಂದ ಬಂದ್ಮೇಲೆ ಮುಗೀತಲ್ಲ, ಅದನ್ನೇ ದಿನಾ ಹೇಳ್ತಾ ಹೋಗ್ಬೇಕಾಯ್ತು.

ಅಕ್ಕ ಹೇಳಿಬಿಡಿ ಅಂತ ಗೋಗರೆದ್ಲು. ಭಾವ ಒಂದೇ ಮಾತು ಅಂದ್ರು.

"ಅಡುಗೆಯವನು ನಂಗೆ ರುಚಿ ಗೊತ್ತಾಗಲ್ಲ ಅಂದ್ರೆ, ಅವನ ಕೈಗೆ ಯಾರಾದ್ರೂ ಸೌಟು ಕೊಡ್ತಾರೇನೇ?"

ಆಮೇಲೆ ನಮ್ಮಿಬ್ಬರನ್ನೇ ಬೆರಳು ಮಾಡ್ಕೊಳ್ಳೋಕೆ ನೋಡಿದ್ರು. ಇದು ನಗೋ ಭಾಗ. ಸಂಜೆ ಊಟದ ಟೇಬಲ್ ಮೇಲೆ ಸಾಲಾಗಿ ಫೋನ್ ಇಟ್ಟು, ಅಕ್ಕನ ಕೈಗೆ ಒಂದು, ನನ್ನ ಕೈಗೆ ಒಂದು. ಈಗ ಹೇಗಿದೆ ಅಂತಾರೆ. ಅಕ್ಕ ಮೆತ್ತಗಿದೆ ಅಂತಾಳೆ. ಎಷ್ಟು ಮೆತ್ತಗೆ ಅಂತಾರೆ. ಬೆಂದಿರೋ ಆಲೂಗಡ್ಡೆ ಅಷ್ಟು ಅಂತಾಳೆ. ನಾನು, ಇಲ್ಲ ಭಾವ, ಅಷ್ಟು ಬೆಂದಿಲ್ಲ, ಇನ್ನೂ ಒಂದು ಕೂಗು ಬೇಕು ಅಂತೀನಿ. ಭಾವ ಪೇಪರಲ್ಲಿ ಬರ್ಕೊಳ್ಳೋಕೆ ಹೋಗಿ, ಪೆನ್ನು ಬಿಟ್ಟು ನಗೋಕೆ ಶುರು ಮಾಡ್ತಾರೆ. ಮತ್ತೊಂದು ಮಾಡಿದ್ರು, ಅಕ್ಕ ಫೋನ್ ಬಂದಂಗಿದೆ ಅಂದ್ಲು. ಇನ್ನೊಂದು ಮಾಡಿದ್ರು, ಅದೂ ಫೋನ್ ಬಂದಂಗೇ ಇದೆ ಅಂದ್ಲು. ರೀ, ನಂಗೆ ಎಲ್ಲಾ ಫೋನ್ ಬಂದಂಗೇ ಇರುತ್ತೆ, ನಾನೇನು ಮಾಡ್ಲಿ ಅಂತ ಅವ್ಳಿಗೇ ಅಳು ಬಂತು. ಅವ್ಳ ಬೆರಳಲ್ಲಿ ಆಗಿದ್ದು ಅವ್ಳ ಬಾಯಿಗೆ ಬರಲ್ಲ, ಬಾಯಿಗೆ ಬಂದಿದ್ದು ಭಾವನ ಬೆರಳಿಗೆ ಹೋಗಲ್ಲ. ನಾಲ್ಕೈದು ದಿನ ಆಡಿ ಆ ಆಟ ನಿಲ್ಲಿಸಿದ್ವಿ.

ಒಂದಿನ ಭಾವ ಯಾರ ಜೊತೆಗೋ ಫೋನಲ್ಲಿ ಮಾತಾಡ್ತಿದ್ರು, ಕಿವಿಗೆ ಇಟ್ಕೊಂಡು. ಅಷ್ಟರಲ್ಲಿ ಅದೇ ಫೋನಿಗೆ ಒಂದು ಮೆಸೇಜ್ ಬಂತು. ಭಾವ ಮಾತು ಅರ್ಧಕ್ಕೇ ನಿಲ್ಲಿಸಿಬಿಟ್ರು. ಕಿವಿ ಕೆಳಗೆ, ದವಡೆ ಮೂಳೆ ಮೇಲೆ, ಆ ಸಣ್ಣ ಟುಕ್ ಸ್ಪಷ್ಟವಾಗಿ ಗೊತ್ತಾಗಿತ್ತು. ನನ್ನ ರೂಮಿಗೆ ಓಡಿ ಬಂದ್ರು, ಮೆಸೇಜ್ ಕಳಿಸು ಕಳಿಸು ಅಂತ. ನಾನು ಬರೀ ಚುಕ್ಕಿ ಕಳಿಸ್ತಾ ಹೋದೆ. ಅವ್ರು ದವಡೆಗೆ ಫೋನ್ ಒತ್ಕೊಂಡು ನಿಂತು, ಬಂತು, ಬಂತು, ಇನ್ನೊಂದು ಬಂತು ಅಂತ ಹೇಳ್ತಿದ್ರು. ಅಷ್ಟು ಖುಷಿಯಾಗಿ ಅವ್ರನ್ನ ಕಾಯಿಲೆ ಬಂದ್ಮೇಲೆ ನಾನು ನೋಡೇ ಇರ್ಲಿಲ್ಲ. ಅವತ್ತು ರಾತ್ರಿ ಊಟಕ್ಕೆ ಎರಡನೇ ಸಲ ಬಡಿಸ್ಕೊಂಡ್ರು. ಅಕ್ಕ ಸೆರಗಲ್ಲಿ ಕಣ್ಣು ಒರೆಸ್ಕೊಂಡು, ಈರುಳ್ಳಿ ಅಂದ್ಲು. ಅವತ್ತಿನ ಅಡುಗೇಲಿ ಈರುಳ್ಳಿ ಇರ್ಲಿಲ್ಲ.

ಅದೇ ಸಮಯಕ್ಕೆ ಮೀನಿನ ಆಟಕ್ಕೆ ಹೊಸ ಕೆರೆ ಮಾಡೋ ಕೆಲಸ ಬಂತು. ಹೊಸ ಮೀನುಗಳು, ಒಂದೊಂದೂ ಹೊಸ ತರ ಕಚ್ಚಬೇಕು. ಭಾವ ಫೋನ್ ತಗೊಂಡು ಮೆಟ್ಟಿಲ ಹತ್ರ ಹೋಗೋರು, ಗೋಡೆ ಕಡೆ ಮುಖ ಮಾಡಿ ದವಡೆಗೆ ಇಟ್ಕೊಳ್ಳೋರು, ಬಂದು ಸ್ವಲ್ಪ ಕಮ್ಮಿ ಮಾಡೋರು, ಮತ್ತೆ ಹೋಗೋರು. ಯಾರಾದ್ರೂ ನೋಡಿ ಏನು ಅಂತ ಕೇಳಿದ್ರೆ, ಹಲ್ಲುನೋವು, ಫೋನ್ ತಣ್ಣಗಿದೆ ಅಂತ ಒತ್ಕೊಂಡಿದೀನಿ ಅನ್ನೋರು. ಚಿತ್ರ ಬರೆಯೋರೊಬ್ರು ಪಾಪ ಹಲ್ಲಿನ ಡಾಕ್ಟರ್ ನಂಬರ್ ಕೊಟ್ರಂತೆ. ಹೋಗಿ ಬಂದ್ರಾ ಅಂತ ಆಗಾಗ ವಿಚಾರಿಸ್ತಿದ್ರಂತೆ ಬೇರೆ. ಇಲ್ಲದ ಹಲ್ಲುನೋವಿಗೆ ಭಾವ ಮೆತ್ತಗಿನ ಊಟ ತಗೊಂಡು ಹೋಗೋಕೆ ಶುರು ಮಾಡಿದ್ರು.

ಹೊಸ ಕೆರೆ ತಯಾರಾಯ್ತು. ಆಫೀಸಲ್ಲಿ ಎಲ್ರೂ ಆಡಿ ನೋಡಿದ್ರು, ಅವ್ರವ್ರ ದೊಡ್ಡ ಫೋನಲ್ಲಿ, ಸೌಂಡ್ ಜೋರಾಗಿ ಇಟ್ಕೊಂಡು. ನೀರಿನ ಬುಳುಕ್ ಕೇಳಿಸ್ತು, ಕೈಗೂ ತಾಗಿದಂಗಾಯ್ತು. ಇವ್ರು ಮಾಡಿದ್ದು ಅಂದ್ಮೇಲೆ ಅನುಮಾನ ಯಾರಿಗೆ ಬರುತ್ತೆ? ಆಟ ಜನರ ಫೋನಿಗೆ ಹೋಯ್ತು.

ಈಗ ಹೇಳೋದು ಆ ದಿನದ್ದು. ಬೆಳಗ್ಗೆ ಭಾವ ಆಫೀಸಿಗೆ ಹೋಗೋ ಹೊತ್ತಿಗೇ ಜನ ಬರೆಯೋಕೆ ಶುರು ಮಾಡಿದ್ರು. ಈ ಕೆರೇಲಿ ಮೀನೇ ಇಲ್ಲ ಅಂತ ಒಬ್ಬ. ಗಾಳ ಹಾಕಿ ಹಾಕಿ ನಿದ್ದೆ ಬಂತು ಅಂತ ಒಬ್ಳು. ಕೆರೆ ತುಂಬಿಸಿದ್ರಿ, ಮೀನು ಬಿಡೋದು ಮರೆತ್ರಾ ಅಂತ ಇನ್ನೊಬ್ಬ. ಆಫೀಸಲ್ಲಿ ಎಲ್ಲರ ಮುಖ ಸಪ್ಪಗಾಗಿತ್ತು. ಭಾವನ ಪಕ್ಕದ ಟೇಬಲ್ಲಲ್ಲಿ ಕೂರೋ ಸೌಂಡಣ್ಣ, ಅಂದ್ರೆ ಆಟಕ್ಕೆ ಸೌಂಡ್ ಮಾಡೋರು, ಭಾವನ ಹಳೇ ದೋಸ್ತ್, ಅವ್ರು ಡ್ರಾಯರ್‌ನಿಂದ ಒಂದು ಅಗ್ಗದ ಫೋನ್ ತೆಗೆದು, ಸೌಂಡ್ ಆಫ್ ಮಾಡಿ ಹಿಡ್ಕೊಂಡು ಕೂತ್ರು. ಗಾಳ ಹಾಕಿದ್ರು. ಏನೂ ಬರಲಿಲ್ಲ. ಸ್ಕ್ರೀನಲ್ಲಿ ಮೀನು ತಪ್ಪಿಸ್ಕೊಂಡಿತು ಅಂತ ಬಂತು. ಮತ್ತೆ ಹಾಕಿದ್ರು. ಮತ್ತೆ ತಪ್ಪಿಸ್ಕೊಂಡಿತು. ಆಮೇಲೆ ಎದ್ದು ಭಾವನನ್ನ ಮೆಟ್ಟಿಲ ಹತ್ರ ಕರ್ಕೊಂಡು ಹೋದ್ರು. ಈ ಮಾತು ನಂಗೆ ಸೌಂಡಣ್ಣನೇ ಹೇಳಿದ್ದು, ಒಂದಕ್ಷರ ಬಿಡದೆ.

"ಇದನ್ನ ನೀನು ಎಲ್ಲಿಟ್ಟು ನೋಡಿದೆ?"

ಭಾವ ದವಡೆ ತೋರಿಸಿದ್ರು. ಕಾಯಿಲೆ ಔಷಧಿ ಬೆರಳಿಗೆ ಏನು ಮಾಡಿದೆ ಅಂತಾನೂ ಅಲ್ಲೇ ಹೇಳಿದ್ರು, ಗೋಡೆ ನೋಡ್ಕೊಂಡು. ಸೌಂಡಣ್ಣ ಫೋನನ್ನ ತಮ್ಮ ದವಡೆಗೆ ಇಟ್ಕೊಂಡ್ರು, ತೆಗೆದ್ರು, ಮತ್ತೆ ಇಟ್ಕೊಂಡ್ರು.

"ನೀನು ಮುಟ್ಟಿ ನೋಡಿಲ್ಲ ಕಣೋ. ಕೇಳಿಸ್ಕೊಂಡಿದೀಯ. ಮೋಟರ್ ಇಲ್ಲಿ ನೆಟ್ಟಗೆ ತಿರುಗ್ತಾನೂ ಇಲ್ಲ, ಬರೀ ಮಿಸುಕಾಡ್ತಿದೆ. ಆ ಮಿಸುಕಾಟದ ಸದ್ದು ಮೂಳೆಯಿಂದ ನಿನ್ನ ಕಿವಿಗೆ ಹೋಗಿದೆ, ಅಷ್ಟೆ."

ಕಿವಿಗೆ ಹತ್ತಿ ಇಟ್ಕೊಂಡು ವರ್ಷಗಟ್ಟಲೆ ಭಾವ ಯಾವುದನ್ನ ದೂರ ಇಟ್ಟಿದ್ರೋ, ಅದೇ ಮೂಳೆ ದಾರೀಲಿ ಒಳಗೆ ಬಂದು ಕೂತಿತ್ತು. ಬೆರಳು ಹೋಗಿತ್ತು, ದವಡೆ ಸಿಕ್ತು ಅಂತ ಕುಣಿದಿದ್ರಲ್ಲ, ಅದೂ ಇರ್ಲಿಲ್ಲ. ಯಾರಿಗೂ ಹೇಳ್ಬೇಡ, ಇವತ್ತು ಒಂದು ದಿನ ಕೊಡು, ಏನಾದ್ರೂ ಮಾಡಿ ಸರಿ ಮಾಡ್ತೀನಿ ಅಂದ್ರು. ಏನ್ ಮಾಡ್ತೀಯ ಅಂತ ಸೌಂಡಣ್ಣ ಕೇಳಲಿಲ್ಲ. ಆಯ್ತು ಅಂದ್ರು.

ಇಬ್ರೂ ಒಳಗೆ ಬಂದ್ರೆ ಮೇಡಂ ಭಾವನ ಟೇಬಲ್ ಹತ್ರಾನೇ ನಿಂತಿದಾರೆ. ಕೋಪ ಇಲ್ಲ, ಅನುಮಾನ ಇಲ್ಲ. ಹಳೇ ಕೆರೆ ಇರೋ ಫೋನ್ ಒಂದು, ಹೊಸ ಕೆರೆ ಇರೋದು ಒಂದು ತಂದಿದ್ರು, ಎರಡೂ ಒಂದೇ ಕಂಪನಿದು, ಒಂದೇ ಬಣ್ಣ. ಎಲ್ಲಿ ಹೆಚ್ಚುಕಮ್ಮಿ ಆಗಿದೆ ಅಂತ ನೀವೇ ಹಿಡಿದು ಹೇಳಿಬಿಡಿ ಸರ್, ಅರ್ಧ ಗಂಟೇಲಿ ಸರಿ ಮಾಡಿ ಕಳಿಸೋಣ ಅಂದ್ರು. ಸುತ್ತ ಎಲ್ರೂ ಎದ್ದು ಬಂದ್ರು. ಎಲ್ರಿಗೂ ಭಯ ಇತ್ತಲ್ಲ, ಇವ್ರೇ ದಾರಿ ತೋರಿಸ್ತಾರೆ ಅಂತ ಬಂದ್ರು. ಮೇಡಂ ಒಂದು ಫೋನನ್ನ ಭಾವನ ಬಲಗೈಲಿ, ಒಂದನ್ನ ಎಡಗೈಲಿ ಇಟ್ರು.

ಭಾವ ಕಣ್ಣು ಮುಚ್ಚಿದ್ರು. ಅವ್ರಿಗೆ ಕೈಲಿ ಭಾರ ಇದೆ ಅನ್ನೋದು ಬಿಟ್ಟು ಬೇರೇನೂ ಗೊತ್ತಾಗ್ತಿರ್ಲಿಲ್ಲ. ಮೇಲೆ ಫ್ಯಾನ್ ಗರಗರ ಅಂತಿತ್ತು, ಕಿವಿಗೂ ಏನೂ ಸಿಗಲಿಲ್ಲ. ಫೋನ್ ದವಡೆಗೆ ಎತ್ತಬಹುದಿತ್ತು, ಅಷ್ಟು ಜನರ ಮುಂದೆ ಹೇಗೆ ಎತ್ತುತ್ತಾರೆ? ಎಲ್ರೂ ಕಾಯ್ತಿದ್ರು. ಮೀನು ಕಚ್ಚೋಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಲೆಕ್ಕ ಹಾಕಿ, ಭಾವ ಬಲಗೈ ಸ್ವಲ್ಪ ಎತ್ತಿದ್ರು.

"ಹೂಂ. ಇದು ಹೊಸದು. ಸ್ವಲ್ಪ ತೆಳ್ಳಗಾಗಿದೆ."

ಮೇಡಂ ಹತ್ತಿರಕ್ಕೆ ಬಗ್ಗಿದ್ರಂತೆ. ಮೆಲ್ಲಗೆ, ಬೇರೆಯವ್ರಿಗೆ ಕೇಳಿಸಬಾರದು ಅನ್ನೋ ಹಂಗೆ ಹೇಳಿದ್ರಂತೆ.

"ಸರ್, ನಾನಿನ್ನೂ ಆಟ ಶುರು ಮಾಡಿಲ್ಲ."

ಯಾರೂ ನಗಲಿಲ್ಲ. ನಕ್ಕಿದ್ರೆ ಚೆನ್ನಾಗಿರ್ತಿತ್ತು ಅಂತ ಭಾವ ಆಮೇಲೆ ಅಂದ್ರು. ಒಬ್ಬೊಬ್ರಾಗಿ ಅವ್ರವ್ರ ಕುರ್ಚಿಗೆ ಹೋಗಿ, ಕಂಪ್ಯೂಟರಲ್ಲಿ ಏನೋ ಹುಡುಕೋ ತರ ಕೂತ್ರು. ಭಾವ ಎರಡೂ ಫೋನ್ ಟೇಬಲ್ ಮೇಲಿಟ್ಟು, ಎಲ್ಲಾ ಹೇಳಿದ್ರು. ಮೇಡಂ ಕಣ್ಣಲ್ಲಿ ನೀರು ಬಂತಂತೆ. ಮೊದಲೇ ಹೇಳಬಾರದಿತ್ತಾ ಸರ್ ಅಂದ್ರು. ರೆಸ್ಟ್ ತಗೊಳ್ಳಿ, ಬೆರಳು ಸರಿಹೋದ್ಮೇಲೆ ಬನ್ನಿ, ಅಲ್ಲೀವರೆಗೂ ಬೇರೆ ಏನಾದ್ರೂ ಕೆಲಸ ನೋಡೋಣ, ಆಟದ ಬಗ್ಗೆ ನಾಲ್ಕು ಸಾಲು ಬರೆಯೋದೋ, ಜನ ಕಳಿಸಿದ ದೂರುಗಳನ್ನ ಓದೋದೋ ಅಂದ್ರು. ಸರಿಹೋಗದೇ ಇದ್ರೆ ಅಂತ ಭಾವ ಕೇಳಲಿಲ್ಲ, ಅವ್ರೂ ಹೇಳಲಿಲ್ಲ. ಭಾವ ಬ್ಯಾಗ್ ತಗೊಂಡು ಮೆಟ್ಟಿಲಿಳಿದು ಬಂದ್ರು.

ಬಾಗಿಲು ತಟ್ಟಿದಾಗ ನಾನೇ ಯಾರು ಅಂತ ಕೇಳಿದೆ. ಹೊರಗಡೆಯಿಂದ ನಾನು ಅಂದ್ರು, ಅಷ್ಟೆ. ಚಪ್ಪಲಿ ಬಿಟ್ಟು, ಬಂದು ಸೋಫಾ ಮೇಲೆ ಕೂತು, ಆಗಿದ್ದನ್ನೆಲ್ಲಾ ಅಕ್ಕನಿಗೆ ಹೇಳಿದ್ರು, ಬಸ್ಸು ತಪ್ಪಿದ ವಿಷಯ ಹೇಳೋ ತರ. ಅಕ್ಕ ಪಕ್ಕದಲ್ಲಿ ಕೂತು ಅವ್ರ ಕೈ ಹಿಡ್ಕೊಂಡ್ಲು. ಹಿಡ್ಕೊಂಡಿದ್ದು ಅವ್ರಿಗೆ ಗೊತ್ತಾಯ್ತಾ ಇಲ್ವಾ ನಂಗೆ ಗೊತ್ತಿಲ್ಲ. ಅವ್ರು ಎದುರುಗಡೆ ಗೋಡೆ ನೋಡ್ತಿದ್ರು.

ಬಿಸಿಲು ಇಳಿಯೋ ಹೊತ್ತಿಗೆ ಸೌಂಡಣ್ಣ ಬಂದ್ರು. ಒಳಗೆ ಬರೋಕೆ ಹಿಂದೆಮುಂದೆ ನೋಡ್ತಿದ್ರು. ಅಕ್ಕ ಬನ್ನಿ ಅಂದ್ಮೇಲೆ ಬಂದು, ಕುರ್ಚಿ ತುದೀಲಿ ಕೂತ್ರು. ಕೊಟ್ಟ ಟೀ ಕುಡೀಲಿಲ್ಲ. ಬೇರೆಯವ್ರ ಬಾಯಲ್ಲಿ ಕೇಳೋದಕ್ಕಿಂತ ನಾನೇ ಹೇಳ್ಬೇಕು ಅಂತ ಬಂದೆ ಅಂದ್ರು. ವಿಷಯ ಏನಪ್ಪಾ ಅಂದ್ರೆ, ಮೇಡಂ ಸೌಂಡಣ್ಣನ ಕೈಲೇ ಅದನ್ನ ಸರಿ ಮಾಡಿಸಿದ್ರು. ಫೋನ್ ಮಾಡೋ ಕಂಪನಿಯವ್ರೇ ಫೋನೊಳಗೆ ಒಂದಿಷ್ಟು ರೆಡಿಮೇಡ್ ಗುಂಯ್ ಇಟ್ಟಿರ್ತಾರಂತೆ, ಸಣ್ಣದು, ಮಧ್ಯದ್ದು, ಜೋರು ಅಂತ. ಎಲ್ಲಾ ಮೀನಿಗೂ ಆ ಜೋರನ್ನೇ ಹಾಕಿ ಕಳಿಸಿಬಿಟ್ರು. ಸಂಜೆ ಹೊತ್ತಿಗೆ ಜನ ಮೀನು ಸಿಕ್ತು, ಕೆರೆ ಸೂಪರ್ ಅಂತ ಬರೆಯೋಕೆ ಶುರು ಮಾಡಿದ್ರು.

ಭಾವ ಸೋಫಾ ಮೇಲೆ ಸ್ವಲ್ಪ ಮುಂದಕ್ಕೆ ಸರಿದು ಕೂತ್ರು.

"ಸಣ್ಣ ಮೀನಿಗೂ ದೊಡ್ಡದಕ್ಕೂ ವ್ಯತ್ಯಾಸ ಗೊತ್ತಾಗುತ್ತಾ?"

ಸೌಂಡಣ್ಣ ಟೀ ಲೋಟ ನೋಡ್ತಿದ್ರು. "ಇಲ್ಲ ಕಣೋ. ಎಲ್ಲಾ ಒಂದೇ ತರ."

"ಯಾರೂ ಕೇಳಲಿಲ್ವಾ?"

"ಯಾರೂ ಕೇಳಲಿಲ್ಲ."

ಅಷ್ಟು ಹೇಳಿ ಸೌಂಡಣ್ಣ ಅತ್ತುಬಿಟ್ರು. ಭಾವ ಎದ್ದು ಹೋಗಿ ಅವ್ರ ಬೆನ್ನು ತಟ್ಟಿ ಸಮಾಧಾನ ಮಾಡಿದ್ರು. ಒಳ್ಳೇದಾಯ್ತು ಬಿಡು, ಆಟ ಉಳೀತಲ್ಲ ಅಂದ್ರು. ಬಾಗಿಲವರೆಗೂ ಬಂದು ಕಳಿಸಿಕೊಟ್ರು. ಆಮೇಲೆ ಸೌಂಡಣ್ಣ ನನ್ನನ್ನ ಕೆಳಗಡೆ ಗೇಟ್ ಹತ್ರ ನಿಲ್ಲಿಸ್ಕೊಂಡು, ಮೆಟ್ಟಿಲ ಹತ್ರ ಆಡಿದ ಮಾತೆಲ್ಲಾ ಹೇಳಿದ್ರು. ಹೇಳಿ, ನಾನು ದವಡೆ ವಿಷಯ ತೆಗೀಬಾರದಿತ್ತೇನೋ ಅಂದ್ರು. ತೆಗೆದಿದ್ರೂ ಅಷ್ಟೆ, ತೆಗೀದೇ ಇದ್ದಿದ್ರೂ ಅಷ್ಟೆ.

ನಾನು ಮೇಲೆ ಬಂದಾಗ ಅಕ್ಕ, ಪಾಪ, ಅವ್ಳಿಗೂ ಬೇರೆ ಮಾತು ಸಿಕ್ಕಿರ್ಲಿಲ್ಲ, ಜೀವ ಉಳಿದಿದೆಯಲ್ಲ ರೀ, ಮಿಕ್ಕಿದ್ದು ಹೇಗೋ ಆಗುತ್ತೆ ಅಂತಿದ್ಲು. ಭಾವ ಅವ್ಳ ಮುಖ ನೋಡಿದ್ರು. ರೇಗಲಿಲ್ಲ.

"ಎಲ್ರೂ ಅದನ್ನೇ ಹೇಳ್ತಾರೆ ಕಣೇ. ನಾನು ಹೂಂ ಅಂತೀನಿ. ಇನ್ನೆಷ್ಟು ಸಲ ಹೂಂ ಅನ್ಬೇಕು, ಅದೊಂದು ಹೇಳು."

ಅಕ್ಕ ಎದ್ದು ಅಡುಗೆಮನೆಗೆ ಹೋದ್ಲು. ನಲ್ಲಿ ಜೋರಾಗಿ ಬಿಟ್ಲು, ಪಾತ್ರೆ ಇರ್ಲಿಲ್ಲ, ಸುಮ್ನೆ ಬಿಟ್ಲು. ಸ್ವಲ್ಪ ಹೊತ್ತಾದ್ಮೇಲೆ ನಲ್ಲಿ ನಿಂತಿತು. ಒಳಗಿಂದಾನೇ, ದಿನಾ ಹೇಳೋ ತರಾನೇ, ರೀ, ಬಾಲ್ಕನೀಲಿ ಬಟ್ಟೆ ಒಣಗಿದೆಯಾ ನೋಡಿ, ಒಣಗಿದ್ರೆ ತೆಗೆದುಬಿಡಿ ಅಂದ್ಲು. ಅವ್ರಿಗೆ ಕೈಗೊಂದು ಕೆಲಸ ಇರ್ಲಿ ಅಂತ ಹೇಳಿದ್ಲೇನೋ. ಆ ಕೈಗೆ ಎಂಥ ಕೆಲಸ ಕೊಟ್ಟೆ ಅಂತ ಅವ್ಳಿಗೆ ಆ ಕ್ಷಣಕ್ಕೆ ಹೊಳೀಲಿಲ್ಲ.

ಭಾವ ಎದ್ದು ಹೋದ್ರು. ನಾನು ಕಿಟಕೀಲಿ ನೋಡ್ತಿದ್ದೆ. ದಾರದ ಮೇಲೆ ಅಕ್ಕನ ಎರಡು ಕುರ್ತಾ, ಒಂದು ಟವೆಲ್, ಭಾವನ ಆಫೀಸ್ ಶರ್ಟುಗಳು. ಬೆಳಗ್ಗಿಂದ ಬಿಸಿಲಲ್ಲಿದ್ದ ಬಟ್ಟೆ, ಟವೆಲ್ ಅಂತೂ ಹಪ್ಪಳದ ತರ ಆಗಿತ್ತು. ಸಂಜೆ ಗಾಳಿಗೆ ಎಲ್ಲಾ ತಣ್ಣಗಾಗಿರಬೇಕು, ಮುಟ್ಟಿದ್ರೆ ಬಿಸಿಲಿನ ಬಿಸಿನೂ ಸಿಗಲ್ಲ. ಭಾವ ಟವೆಲಿನ ಅಂಚು ಬೆರಳ ಮಧ್ಯ ಹಿಡ್ಕೊಂಡ್ರು. ಉಜ್ಜಿದ್ರು. ಬಿಟ್ರು. ಶರ್ಟಿನ ತೋಳು ಹಿಡ್ಕೊಂಡ್ರು, ಕಾಲರ್ ಹಿಡ್ಕೊಂಡ್ರು, ಮತ್ತೆ ಟವೆಲಿಗೆ ಬಂದ್ರು. ಹಾಗೇ ನಿಂತಿದ್ರು, ದಾರದ ಕೆಳಗೆ, ಎರಡೂ ಕೈ ಮೇಲೆತ್ಕೊಂಡು. ಕೆಳಗೆ ರಸ್ತೇಲಿ ಯಾರಾದ್ರೂ ನೋಡಿದ್ರೆ ಬಟ್ಟೆ ಒಣಹಾಕ್ತಿದಾರೆ ಅಂದ್ಕೋತಿದ್ರು.

ಆಮೇಲೆ ಒಂದು ಬಟ್ಟೇನೂ ತೆಗೀದೇ ಒಳಗೆ ಬಂದು, ಬಾಲ್ಕನಿ ಬಾಗಿಲು ಹಾಕಿ, ಇನ್ನೂ ಹಸಿ ಇದೆ ಅಂತ ಅಕ್ಕನಿಗೆ ಹೇಳಿ, ಹೋಗಿ ಮಲ್ಕೊಂಡ್ರು.